ನೂರು ಡಾಲರಿನ ನಿಕಲ್ ಬಾಕ್ಸ್: ಹನ್ನೊಂದು ಬಾಕ್ಸ್ ಬಿಚ್ಚಿದ ಮೇಲೆ ನನ್ನ ರಿವ್ಯೂ

ಹೋದ ಶನಿವಾರ ರಾತ್ರಿ ಹನ್ನೊಂದನೇ ಬಾಕ್ಸ್ ಮುಗೀತು, ಅದಕ್ಕೇ ಈಗ ಕೂತು ಬರೀತಿದೀನಿ. ಅಮೆರಿಕಕ್ಕೆ ಬಂದ ಮೇಲೆ ಹಿಡಿದ ಹವ್ಯಾಸ ಇದು. ಬ್ಯಾಂಕಲ್ಲಿ ನೂರು ಡಾಲರ್ ಕೊಟ್ಟು ಐದು ಸೆಂಟಿನ ನಾಣ್ಯಗಳ ಒಂದು ಬಾಕ್ಸ್ ತಗೊಳ್ಳೋದು, ಮನೇಲಿ ಕಾಗದದಲ್ಲಿ ಸುತ್ತಿದ ಒಂದೊಂದೇ ರೋಲ್ ಬಿಚ್ಚಿ ಹಳೇದು, ಅಪರೂಪದ್ದು, ಬೆಳ್ಳಿ ಇರೋದು ಆರಿಸಿ ಇಟ್ಕೊಳ್ಳೋದು, ಉಳಿದಿದ್ದು ವಾಪಸ್ ಬ್ಯಾಂಕಿಗೆ ಕಟ್ಟೋದು. ಇಲ್ಲಿ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಅಂತಾರೆ, ಈ ಹುಡುಕಾಟಕ್ಕೆ ಕಾಯಿನ್ ರೋಲ್ ಹಂಟಿಂಗ್ ಅಂತಾರೆ. ಪೆನ್ನಿ (ಒಂದು ಸೆಂಟ್), ಡೈಮ್ (ಹತ್ತು ಸೆಂಟ್), ಕ್ವಾರ್ಟರ್ (ಇಪ್ಪತ್ತೈದು ಸೆಂಟ್), ಹಾಫ್ ಡಾಲರ್ ಎಲ್ಲದರ ರೋಲೂ ಸಿಗತ್ತೆ, ನಾನು ಒಂದೊಂದು ಸಲ ಎಲ್ಲಾ ಟ್ರೈ ಮಾಡಿ ಕೊನೆಗೆ ನಿಕಲ್‌ಗೇ ಅಂಟ್ಕೊಂಡೆ. ಯಾಕೆ ಅಂತ ಕೆಳಗೆ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಈ ಬಾಕ್ಸಿನ ಗುಟ್ಟೇ ಅದು.

ಮೊದಲು ಬಾಕ್ಸಲ್ಲಿ ಏನಿರತ್ತೆ ಅನ್ನೋದು. ಒಂದು ರೋಲಲ್ಲಿ 40 ನಾಣ್ಯ, ಎರಡು ಡಾಲರ್. ಒಂದು ಬಾಕ್ಸಲ್ಲಿ 50 ರೋಲ್, ಒಟ್ಟು 2,000 ನಾಣ್ಯ. ಒಂದು ನಿಕಲ್ ಸರಿಯಾಗಿ 5 ಗ್ರಾಂ ತೂಗತ್ತೆ, ಹಾಗಾಗಿ ಬಾಕ್ಸ್ ಹತ್ತು ಕೆಜಿ. ನೋಡೋಕೆ ಪುಟ್ಟ ರಟ್ಟಿನ ಡಬ್ಬಿ, ಟೆಲ್ಲರ್, ಅಂದ್ರೆ ಬ್ಯಾಂಕಲ್ಲಿ ದುಡ್ಡು ಕೊಡೋರು, ಅದನ್ನ ಕೌಂಟರ್ ಮೇಲೆ ಇಟ್ಟಾಗ ಒಂದು ಕೈಲಿ ಎತ್ಕೊಂಡು ಹೋಗ್ಬಹುದು ಅನ್ಸತ್ತೆ, ಎತ್ತಿದ್ರೆ ಹತ್ತು ಕೆಜಿ ಅಕ್ಕಿ ಚೀಲದ ಭಾರ ಅಷ್ಟು ಸಣ್ಣ ಜಾಗದಲ್ಲಿ. ತಳಕ್ಕೆ ಕೈ ಕೊಟ್ಟು ಎತ್ತಿ, ರಟ್ಟಿನ ಅಂಚು ಹಿಡಿದು ಎತ್ತಬೇಡಿ, ಎರಡನೇ ಬಾಕ್ಸ್ ಹಾಗೆ ಎತ್ತಿ ಪಾರ್ಕಿಂಗ್‌ನಲ್ಲಿ ತಳ ಬಿಚ್ಕೊಂಡು ಆರೇಳು ರೋಲ್ ಒಡೆದು ಹೋಯ್ತು, ಆ ಚಳಿಯಲ್ಲಿ ನಾನೂ ಮಗನೂ ಕಾರ್ ಕೆಳಗೆಲ್ಲಾ ಬಗ್ಗಿ ಆರಿಸಿದ್ವಿ.

ಈಗ ನಿಕಲ್ಲೇ ಯಾಕೆ ಅನ್ನೋ ವಿಷಯ. ಡೈಮ್ ಮತ್ತು ಕ್ವಾರ್ಟರ್ 1964ರ ತನಕ 90 ಪರ್ಸೆಂಟ್ ಬೆಳ್ಳಿ, 1965ರಿಂದ ಬೆಳ್ಳಿ ತೆಗೆದ್ರು. ತೆಗೆದಿದ್ದೇ ತಡ ಜನ ಹಳೇದನ್ನೆಲ್ಲಾ ಆರಿಸಿ ಎತ್ತಿಟ್ಕೊಂಡ್ರು, ಈಗ ಕ್ವಾರ್ಟರ್ ಬಾಕ್ಸ್ ತಂದ್ರೆ 1965ಕ್ಕಿಂತ ಹಿಂದಿನದ್ದು ಕಣ್ಣಿಗೆ ಬೀಳೋದೇ ಕಷ್ಟ. ಆದ್ರೆ ನಿಕಲ್ ಕಥೆ ಬೇರೆ. 1866ರಲ್ಲಿ ಈ ನಾಣ್ಯ ಶುರುವಾದಾಗ 75 ಪರ್ಸೆಂಟ್ ತಾಮ್ರ, 25 ಪರ್ಸೆಂಟ್ ನಿಕಲ್ ಲೋಹ, ಇವತ್ತು ಟಂಕಸಾಲೆಯಿಂದ ಹೊರಗೆ ಬರೋದೂ ಅದೇ ತಾಮ್ರ ಅದೇ ನಿಕಲ್, ಮಧ್ಯದಲ್ಲಿ ಎರಡನೇ ಮಹಾಯುದ್ಧದ ಮೂರು ವರ್ಷ ಬಿಟ್ರೆ ಬದಲಾಗೇ ಇಲ್ಲ. ಅಮೆರಿಕದ ಮೂರನೇ ಅಧ್ಯಕ್ಷ ಜೆಫರ್ಸನ್ ಮುಖ ಇರೋ ನಿಕಲ್ ಬಂದಿದ್ದು 1938ರಲ್ಲಿ, ಆಗಿನದ್ದೂ ಈಗಿನದ್ದೂ ಅದೇ ತೂಕ, ಅದೇ ಅಳತೆ, ಅದೇ ಬಣ್ಣ. ಹಾಗಾಗಿ ಹಳೇದನ್ನ ಬೇರೆ ಮಾಡಿ ಎತ್ತಿಡೋಕೆ ಯಾರಿಗೂ ಅಂಥಾ ಕಾರಣ ಇರ್ಲಿಲ್ಲ. ಎಣಿಸೋ ಯಂತ್ರಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಅಂಗಡಿಯವನಿಗೂ ಗೊತ್ತಾಗಲ್ಲ, ಎಂಬತ್ತು ವರ್ಷದ ಹಿಂದಿನ ನಾಣ್ಯ ಇವತ್ತೂ ಯಾರದ್ದೋ ಜೇಬಿಂದ ಯಾರದ್ದೋ ಗಲ್ಲಾಪೆಟ್ಟಿಗೆಗೆ ಓಡಾಡ್ತಾನೇ ಇದೆ. ನಂಗೆ ಇದು ತುಂಬಾ ಇಷ್ಟವಾದ ಸಂಗತಿ. ಬೇರೆ ನಾಣ್ಯಗಳ ಚರಿತ್ರೆ ಆಲ್ಬಮ್ ಒಳಗೆ ಸೇರ್ಕೊಂಡಿದೆ, ನಿಕಲ್ಲಿನ ಚರಿತ್ರೆ ಇನ್ನೂ ರಸ್ತೆ ಮೇಲಿದೆ.

ಬ್ಯಾಂಕಿನ ಸರ್ವಿಸ್ ಬಗ್ಗೆ ಹೇಳ್ಬೇಕು ಅಂದ್ರೆ, ಅಕೌಂಟ್ ಇರೋ ಬ್ರಾಂಚಿಗೆ ಹೋಗಿ ನಿಕಲ್ ಬಾಕ್ಸ್ ಆರ್ಡರ್ ಮಾಡ್ಬೇಕು ಅಂದ್ರೆ ಆಯ್ತು, ನನ್ನ ಬ್ರಾಂಚಲ್ಲಿ ವಾರದಲ್ಲಿ ಒಂದು ದಿನ ಆರ್ಡರ್ ಕಳಿಸ್ತಾರೆ, ಮುಂದಿನ ವಾರ ಬರತ್ತೆ. ಕೆಲವು ಬ್ಯಾಂಕ್ ಬಿಸಿನೆಸ್ ಅಕೌಂಟ್ ಇದ್ರೇ ಕೊಡೋದು, ಕೆಲವು ಬಾಕ್ಸಿಗೆ ಇಷ್ಟು ಅಂತ ಫೀ ಹಾಕ್ತಾವೆ. ಫೀ ಹಾಕೋ ಕಡೆ ಹೋಗ್ಲೇಬೇಡಿ, ಈ ಹವ್ಯಾಸದ ಲೆಕ್ಕಾಚಾರ ನಿಂತಿರೋದೇ ನೂರು ಕೊಟ್ಟು ನೂರು ತರೋದ್ರ ಮೇಲೆ. ನಮ್ಮ ಬ್ರಾಂಚಿನ ಟೆಲ್ಲರ್ ಒಬ್ರು ವಯಸ್ಸಾದ ಹೆಂಗಸು, ಮೊದಲನೇ ಸಲ ಯಾಕಪ್ಪಾ ಇಷ್ಟು ಚಿಲ್ಲರೆ ಅಂತ ಕೇಳಿದ್ರು, ನಿಜ ಹೇಳ್ದೆ. ಅವತ್ತಿಂದ ಯಾರಾದ್ರೂ ಮನೇಲಿ ಕೈಯಲ್ಲೇ ಸುತ್ತಿ ತಂದುಕೊಟ್ಟ ರೋಲ್ ಇದ್ರೆ ಡ್ರಾಯರಲ್ಲಿ ನಂಗೋಸ್ಕರ ಎತ್ತಿಟ್ಟಿರ್ತಾರೆ. ಸರ್ವಿಸ್ ಅಂದ್ರೆ ನಂಗೆ ಅದು, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ.

ಯಾಕಂದ್ರೆ ರೋಲಲ್ಲಿ ಎರಡು ಥರ. ಯಂತ್ರದಲ್ಲಿ ಸುತ್ತಿದ್ದು, ಎರಡೂ ತುದಿ ಗಟ್ಟಿಯಾಗಿ ಮಡಚಿರತ್ತೆ, ಬಾಕ್ಸಲ್ಲಿ ಬರೋದು ಅದೇ. ಇನ್ನೊಂದು ಜನ ಮನೇಲಿ ಕಾಗದದ ಕೊಳವೆಗೆ ತುಂಬಿ ತಂದಿದ್ದು. ಈ ಎರಡನೇದು ಎಲ್ಲಾದ್ರೂ ಸಿಕ್ಕಿದ್ರೆ ಬಿಡಬೇಡಿ. ಅಜ್ಜನ ಕಾಲದ ಡಬ್ಬಿ, ಅಲ್ಮೇರಾದ ಮೂಲೆಯ ಜಾಡಿ, ಹೀಗೆ ಎಷ್ಟೋ ವರ್ಷದಿಂದ ಅಲ್ಲಾಡದೇ ಕೂತಿದ್ದ ಚಿಲ್ಲರೆ ಅದ್ರಲ್ಲಿ ಬರತ್ತೆ. ನನ್ನ ಹದಿನಾಲ್ಕು ಯುದ್ಧಕಾಲದ (ಬೆಳ್ಳಿ ಇರೋ) ನಿಕಲ್‌ಗಳಲ್ಲಿ ಐದು ಬಂದಿದ್ದು ಆ ಟೆಲ್ಲರಮ್ಮ ಎತ್ತಿಟ್ಟ ನಾಲ್ಕೇ ನಾಲ್ಕು ರೋಲಿಂದ. ಯಂತ್ರದ ರೋಲಲ್ಲಿ ಒಂದು ಬಾಕ್ಸಿಗೆ ಒಂದು ಸಿಕ್ಕಿದ್ರೆ ನಾನು ಖುಷಿ.

ಈ ಯುದ್ಧಕಾಲದ ನಿಕಲ್ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಹುಡುಕೋರಿಗೆ ಮುಖ್ಯ ಆಕರ್ಷಣೆ ಇದು. ಯುದ್ಧದ ಉಕ್ಕಿಗೆ ನಿಕಲ್ ಲೋಹ ಬೇಕಾಯ್ತು ಅಂತ 1942ರ ಅಕ್ಟೋಬರಿಂದ 1945ರ ಕೊನೆವರೆಗೆ ಐದು ಸೆಂಟಿನ ನಾಣ್ಯದಿಂದ ನಿಕಲ್ಲನ್ನೇ ತೆಗೆದು ಹಾಕಿದ್ರು. ಬದಲಿಗೆ 56 ಪರ್ಸೆಂಟ್ ತಾಮ್ರ, 35 ಪರ್ಸೆಂಟ್ ಬೆಳ್ಳಿ, 9 ಪರ್ಸೆಂಟ್ ಮ್ಯಾಂಗನೀಸ್. ಅಂದ್ರೆ ಒಂದೊಂದರಲ್ಲೂ 1.75 ಗ್ರಾಂ ಬೆಳ್ಳಿ. ಯುದ್ಧ ಮುಗಿದ ಮೇಲೆ ಇವನ್ನ ಸುಲಭವಾಗಿ ಬೇರೆ ಮಾಡೋಕೆ ಆಗ್ಲಿ ಅಂತ ಹಿಂದಿನ ಮುಖದಲ್ಲಿ ಜೆಫರ್ಸನ್ ಅವರ ಮಾಂಟಿಚೆಲೋ ಮನೆಯ ಗುಮ್ಮಟದ ನೆತ್ತಿ ಮೇಲೆ ಟಂಕಸಾಲೆಯ ಅಕ್ಷರ ದೊಡ್ಡದಾಗಿ ಹಾಕಿದ್ರು, ಫಿಲಡೆಲ್ಫಿಯಾಕ್ಕೆ ಪಿ, ಡೆನ್ವರ್‌ಗೆ ಡಿ, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್. ಅಮೆರಿಕದ ನಾಣ್ಯದ ಮೇಲೆ ಪಿ ಅಕ್ಷರ ಬಂದಿದ್ದು ಅದೇ ಮೊದಲು, ಅಲ್ಲಿತನಕ ಫಿಲಡೆಲ್ಫಿಯಾ ನಾಣ್ಯಕ್ಕೆ ಗುರುತೇ ಇರ್ಲಿಲ್ಲ. ಒಂದು ಎಚ್ಚರಿಕೆ, 1942ರಲ್ಲಿ ಎರಡೂ ಥರ ಇದೆ, ಆ ವರ್ಷದ ಡೆನ್ವರ್ ನಾಣ್ಯ ಪೂರ್ತಿ ಮಾಮೂಲಿ ಲೋಹ, ಫಿಲಡೆಲ್ಫಿಯಾದ್ದು ಎರಡೂ ಲೋಹದಲ್ಲಿ ಬಂದಿದೆ, ಹಾಗಾಗಿ ಇಸವಿ ನೋಡಿ ಕುಣೀಬೇಡಿ, ಗುಮ್ಮಟದ ಮೇಲೆ ಅಕ್ಷರ ಇದ್ಯಾ ನೋಡಿ.

ಮೊದಲನೇದು ಸಿಕ್ಕಿದ್ದು ಮೂರನೇ ಬಾಕ್ಸಲ್ಲಿ. ರೋಲ್ ಬಿಚ್ಚೋ ಮುಂಚೆ ನಾನು ಕಾಗದ ಒಂದು ಕಡೆ ಉದ್ದಕ್ಕೆ ಸೀಳಿ ನಾಣ್ಯಗಳ ಅಂಚನ್ನ ಸಾಲಾಗಿ ನೋಡ್ತೀನಿ. ಮೂವತ್ತೊಂಬತ್ತು ಅಂಚು ಬೂದಿ ಬಣ್ಣದ ಒಂದೇ ಹೊಳಪು, ನಡುವೆ ಒಂದು ಮಾತ್ರ ಮಂಕು, ಹಸಿರು ಮಿಶ್ರ ಕಪ್ಪು, ಎಣ್ಣೆ ಕೈಲಿ ಮುಟ್ಟಿದ ಹಿತ್ತಾಳೆ ಚೊಂಬು ಹಾಗೇ ಬಿಟ್ರೆ ಆಗತ್ತಲ್ಲ ಆ ಥರ. ಆ ಮ್ಯಾಂಗನೀಸ್ ದೆಸೆಯಿಂದ ಹಳೇದಾಗ್ತಾ ಹೀಗೆ ಕಪ್ಪಾಗ್ತಾವೆ. ತೆಗೆದು ತಿರುಗಿಸಿದೆ, ಗುಮ್ಮಟದ ಮೇಲೆ ಅಗಲವಾದ ಎಸ್. ಮುಂದೆ 1943. ಮೇಜಿನ ಮೇಲೆ ಬೀಳಿಸಿ ನೋಡಿದೆ, ಸದ್ದೂ ಬೇರೆ, ಸ್ವಲ್ಪ ಎಳೆದ ಹಾಗೆ ಗಂಟೆ ಥರ. ಮಗ ಅಪ್ಪಾ ಇನ್ನೊಂದ್ಸಲ ಬೀಳಿಸು ಅಂತ ನಾಲ್ಕು ಸಲ ಬೀಳಿಸಿಕೊಂಡ. ಈಗ ಅವನು ಕಣ್ಣು ಮುಚ್ಕೊಂಡು ಸದ್ದಲ್ಲೇ ಹೇಳ್ತಾನೆ. ಸೆಟ್ಟಲ್ಲಿ ಒಟ್ಟು 11 ನಾಣ್ಯ, ನಮ್ಮತ್ರ ಬೇರೆ ಬೇರೆ ಎಂಟಾಗಿದೆ, ಉಳಿದ ಆರು ಡಬಲ್.

ಬಫೆಲೋ ನಿಕಲ್ ಅಂತ ಇನ್ನೊಂದಿದೆ, 1913ರಿಂದ 1938ರವರೆಗೆ ಬಂದಿದ್ದು, ಜೇಮ್ಸ್ ಅರ್ಲ್ ಫ್ರೇಸರ್ ಅನ್ನೋ ಶಿಲ್ಪಿ ಮಾಡಿದ್ದು. ಒಂದು ಕಡೆ ಅಲ್ಲಿನ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಬೈಸನ್, ನಮ್ಮ ಕಾಡುಕೋಣದ ಥರ ಹೆಗಲು ಉಬ್ಬಿರೋ ಪ್ರಾಣಿ. ನನ್ನ ಅಭಿಪ್ರಾಯದಲ್ಲಿ ಅಮೆರಿಕದ ನಾಣ್ಯಗಳಲ್ಲೇ ಚೆಂದದ್ದು ಇದು. ಆದ್ರೆ ಒಂದು ದೋಷ, ಇಸವಿಯನ್ನ ಉಬ್ಬಿದ ಜಾಗದ ಮೇಲೆ ಹಾಕಿಬಿಟ್ರು, ಹಾಗಾಗಿ ಓಡಾಟದಲ್ಲಿ ಮೊದಲು ಸವೆಯೋದೇ ಇಸವಿ. ರೋಲಲ್ಲಿ ಸಿಗೋದು ಬಹಳಷ್ಟು ಇಸವಿ ಇಲ್ಲದ್ದೇ. ಹನ್ನೊಂದು ಬಾಕ್ಸಿಗೆ ನಂಗೆ ನಾಲ್ಕು ಸಿಕ್ಕಿದೆ, ಒಂದರಲ್ಲಿ ಮಾತ್ರ 1936 ಅಂತ ಓದೋಕಾಗತ್ತೆ. ಆದ್ರೆ ಅದಕ್ಕಿಂತ ನಂಗೆ ದೊಡ್ಡದಾಗಿದ್ದು ಇಸವಿ ಇಲ್ಲದ ಒಂದು. ಮುಖದ ಕಡೆ ಹೆಗಲ ಜಾಗ ಪೂರ್ತಿ ಬೋಳು, ಬೆರಳಲ್ಲಿ ಸವರಿದ್ರೆ ನುಣ್ಣಗೆ. ಇದೂ ಹೋಯ್ತು ಅಂತ ಪಕ್ಕಕ್ಕೆ ಇಟ್ಟೆ. ಮಗ ತಗೊಂಡು ಲೂಪ್ (ಕಣ್ಣಿಗೆ ಹಿಡಿಯೋ ಪುಟ್ಟ ಭೂತಗನ್ನಡಿ) ಇಟ್ಟು ಹಿಂದೆ ಮುಂದೆ ನೋಡಿ, ಅಪ್ಪಾ ಇದು ದಿಬ್ಬದ ಮೇಲೆ ನಿಂತಿದೆ ಅಂದ. ನೋಡ್ತೀನಿ, ಹೌದು, ಬೈಸನ್ ಕಾಲ ಕೆಳಗೆ ನೇರ ಗೆರೆ ಇಲ್ಲ, ಹುಲ್ಲುಗುಡ್ಡೆ ಥರ ಉಬ್ಬಿರೋ ನೆಲ. ಅದು ಬಂದಿದ್ದು 1913ರ ಮೊದಲ ಕೆಲವು ತಿಂಗಳು ಮಾತ್ರ. ದಿಬ್ಬದ ಮೇಲೆ ಬರೆದಿದ್ದ ಐದು ಸೆಂಟ್ ಅನ್ನೋ ಅಕ್ಷರ ಬೇಗ ಸವೆಯತ್ತೆ ಅಂತ ಅದೇ ವರ್ಷ ದಿಬ್ಬ ತೆಗೆದು ತೆಳ್ಳಗಿನ ನೆಲ ಮಾಡಿದ್ರು. ಹಾಗಾಗಿ ಇಸವಿ ಅಳಿಸಿ ಹೋಗಿದ್ರೂ ಅದರ ಇಸವಿ ಗೊತ್ತು, 1913, ಬೇರೆ ವರ್ಷದ್ದು ಆಗೋಕೆ ಸಾಧ್ಯನೇ ಇಲ್ಲ. ಅವತ್ತು ಮಗ ಮಲಗೋ ತನಕ ಅದನ್ನ ಕೈಲಿ ಹಿಡ್ಕೊಂಡೇ ಇದ್ದ, ನಾನೂ ಬೇಡ ಅನ್ಲಿಲ್ಲ, ಅಷ್ಟು ಸವೆದ ನಾಣ್ಯಕ್ಕೆ ಇನ್ನೇನೂ ಆಗಲ್ಲ. ಇಸವಿ ಮೂಡಿಸೋಕೆ ಒಂದು ಆಸಿಡ್ ದ್ರಾವಣ ಸಿಗತ್ತೆ, ಹಾಕಿದ್ರೆ ಅಂಕಿ ಕಾಣತ್ತೆ, ಆದ್ರೆ ಆ ಜಾಗದಲ್ಲಿ ಒರಟು ಕಲೆ ಉಳಿದುಬಿಡತ್ತೆ, ನಾಣ್ಯದ ಬೆಲೆನೂ ಹೋಗತ್ತೆ. ನಾನಂತೂ ಹಾಕಲ್ಲ.

ಅದಕ್ಕೂ ಹಿಂದಿನ ಲಿಬರ್ಟಿ ನಿಕಲ್, ಹಿಂದೆ ದೊಡ್ಡ ರೋಮನ್ ಐದು ಇರೋದು, 1883ರಿಂದ 1912, ಅದು ನಂಗೆ ಒಂದೂ ಸಿಕ್ಕಿಲ್ಲ.

ಇನ್ನು ಜೆಫರ್ಸನ್ ಒಳಗೇ ಯಾವುದು ಇಟ್ಕೋಬೇಕು ಅಂತ ಶುರುವಲ್ಲಿ ಎಲ್ಲರಿಗೂ ಗೊಂದಲ ಆಗತ್ತೆ. ನನ್ನ ನಿಯಮ ಸರಳ, 1960ಕ್ಕಿಂತ ಹಿಂದಿನದ್ದು ಏನೇ ಇರ್ಲಿ ಇಟ್ಕೋತೀನಿ, ಬಾಕ್ಸಿಗೆ ಹೆಚ್ಚು ಕಮ್ಮಿ ನಲವತ್ತು ಬರತ್ತೆ. ಅದರಲ್ಲಿ ಕಮ್ಮಿ ಟಂಕಿಸಿದ್ದು ಕೆಲವಿದೆ, ಅವಕ್ಕೆ ಎದೆ ಬಡ್ಕೊಳ್ಳತ್ತೆ. ಎಲ್ಲಕ್ಕಿಂತ ಕಮ್ಮಿ 1950ರ ಡೆನ್ವರ್ ನಾಣ್ಯ, ಬರೀ 26,30,030. ಆಮೇಲೆ 1939ರ ಡೆನ್ವರ್, 35,14,000. ಆಮೇಲೆ 1938ರ ಸ್ಯಾನ್ ಫ್ರಾನ್ಸಿಸ್ಕೋ, 41,05,000. ಹೋಲಿಕೆಗೆ ಹೇಳ್ತೀನಿ, 1964ರ ಡೆನ್ವರ್ ನಾಣ್ಯ 178 ಕೋಟಿಗೂ ಮೇಲೆ ಟಂಕಿಸಿದ್ದಾರೆ, ಪ್ರತಿ ಎರಡು ಮೂರು ರೋಲಿಗೆ ಒಂದು 1964 ಎದುರಾಗೋದು ಅದಕ್ಕೇ. 1950ರ ಡೆನ್ವರ್ ಕಥೆ ಇನ್ನೂ ವಿಚಿತ್ರ, ಕಮ್ಮಿ ಟಂಕಿಸಿದ್ದಾರೆ ಅನ್ನೋ ಸುದ್ದಿ ಆಗಲೇ ಹಬ್ಬಿ ಜನ ಹೊಸ ರೋಲ್‌ಗಳನ್ನ ಹಾಗೇ ಕಟ್ಟಿ ಇಟ್ಕೊಂಡ್ರು, ಹಾಗಾಗಿ ಅಂಗಡೀಲಿ ಹೊಳೆಯೋ 1950 ದುಡ್ಡು ಕೊಟ್ರೆ ಸಿಗತ್ತೆ, ಚಲಾವಣೆಯಲ್ಲಿ ಓಡಾಡಿ ಸವೆದ 1950 ಹುಡುಕೋದೇ ಕಷ್ಟ. ನಂಗಿನ್ನೂ ಸಿಕ್ಕಿಲ್ಲ.

ಈಚಿನದ್ರಲ್ಲಿ 2009 ಬಿಡಬೇಡಿ. ಆ ವರ್ಷ ಆರ್ಥಿಕ ಕುಸಿತದಿಂದ ಬ್ಯಾಂಕುಗಳು ಹೊಸ ಚಿಲ್ಲರೆ ಕೇಳ್ಲೇ ಇಲ್ಲ, ಫಿಲಡೆಲ್ಫಿಯಾ 3,98,40,000, ಡೆನ್ವರ್ 4,68,00,000 ಅಷ್ಟೇ ಟಂಕಿಸಿದ್ದು, ಈ ಕಾಲಕ್ಕೆ ಅದು ಏನೇನೂ ಅಲ್ಲ. ಇವತ್ತು ಅದಕ್ಕೆ ದೊಡ್ಡ ಬೆಲೆ ಇಲ್ಲ, ಆದ್ರೆ ಐದು ಸೆಂಟಿಗೇ ಸಿಗ್ತಿರೋವಾಗ ಎತ್ತಿಡದೇ ಇರೋಕೆ ಕಾರಣನೂ ಇಲ್ಲ, ನನ್ನತ್ರ ಮೂವತ್ತೇಳು ಆಗಿದೆ. 1968ರಿಂದ 70ರ ಎಸ್ ಅಕ್ಷರದ್ದು ಮಾಮೂಲಿ ಚಲಾವಣೆಗೆ ಬಂದಿದ್ದು, ಆದ್ರೆ 1971ರ ನಂತರದ ಎಸ್ ಕಂಡ್ರೆ ಅದು ಸಂಗ್ರಹಕಾರರಿಗೆ ಅಂತ ಮಾಡಿದ ಪ್ರೂಫ್ ಸೆಟ್ಟಿಂದ ಯಾರೋ ತೆಗೆದು ಖರ್ಚು ಮಾಡಿದ್ದು. ಅಂಥದ್ದು ಮೂರು ಸಿಕ್ಕಿದೆ. ಕನ್ನಡಿ ಥರ ಇದ್ದ ಮೇಲ್ಮೈ ಗೀರು ಬಿದ್ದು ಮಂಕಾಗಿರತ್ತೆ, ನೋಡಿದ್ರೆ ಪಾಪ ಅನ್ಸತ್ತೆ, ಯಾರ ಮನೇಲಿ ಏನು ಕಷ್ಟ ಬಂದು ಆ ಸೆಟ್ ಒಡೆದ್ರೋ.

2004, 2005ರಲ್ಲಿ ಹಿಂದಿನ ಮುಖಕ್ಕೆ ಬೇರೆ ಬೇರೆ ಚಿತ್ರ ಬಂತು, ಲೂಯಿಸ್ ಮತ್ತು ಕ್ಲಾರ್ಕ್ ಅನ್ನೋ ಅನ್ವೇಷಕರು ಪಶ್ಚಿಮಕ್ಕೆ ಹೋದ ಯಾತ್ರೆಗೆ ಇನ್ನೂರು ವರ್ಷ ಅಂತ, ಕೈ ಕುಲುಕೋ ಪದಕ, ದೋಣಿ, ಬೈಸನ್, ಸಮುದ್ರ. ಬೈಸನ್ ಇರೋ 2005ರ ಡೆನ್ವರ್ ನಾಣ್ಯ ಸಿಕ್ಕಿದ್ರೆ ಬೆನ್ನ ಮೇಲಿಂದ ಹೊಟ್ಟೆ ತನಕ ಓರೆಯಾಗಿ ಒಂದು ಗೆರೆ ಇದ್ಯಾ ನೋಡಿ, ಅಚ್ಚಿಗೆ ಬಿದ್ದ ಗೀರು ಅದು, ಈಟಿ ಚುಚ್ಚಿದ ಬೈಸನ್ ಅಂತಲೇ ಹೆಸರು. ನಾನು ಪ್ರತಿಯೊಂದೂ ಲೂಪಲ್ಲಿ ನೋಡ್ತೀನಿ, ಇನ್ನೂ ಕಂಡಿಲ್ಲ. 1944ರದ್ದರಲ್ಲೂ ಒಂದು ವಿಷಯ ಇದೆ. ಆ ವರ್ಷದ ನಾಣ್ಯದಲ್ಲಿ ಗುಮ್ಮಟದ ಮೇಲೆ ಅಕ್ಷರ ಇಲ್ಲ ಅಂದ್ರೆ ಅದು ಖೋಟಾ. ನ್ಯೂಜೆರ್ಸಿಯ ಫ್ರಾನ್ಸಿಸ್ ಲೆರಾಯ್ ಹೆನ್ನಿಂಗ್ ಅನ್ನೋನು 1950ರ ದಶಕದಲ್ಲಿ ಐದು ಸೆಂಟಿನ ನಾಣ್ಯನೇ ಖೋಟಾ ಮಾಡಿ ಬಿಟ್ಟ, 1944ರ ನಾಣ್ಯಕ್ಕೆ ಪಿ ಹಾಕೋದು ಮರೆತ, ಸಿಕ್ಕಿಬಿದ್ದ. ಹೆನ್ನಿಂಗ್ ನಿಕಲ್ ಅಂತ ಅದನ್ನೂ ಹುಡುಕೋರು ಇದ್ದಾರೆ.

ಕೆನಡಾದ ಐದು ಸೆಂಟೂ ಬರತ್ತೆ, ಬೀವರ್ ಪ್ರಾಣಿ ಇರೋದು, ಅಳತೆ ಹೆಚ್ಚು ಕಮ್ಮಿ ಒಂದೇ ಅಲ್ವಾ. ಇಲ್ಲೊಂದು ಮಜಾ ಇದೆ, ಮಗನಿಗೆ ನಾನು ಮೊದಲು ತೋರಿಸಿದ್ದೇ ಇದು. ಅಮೆರಿಕದ ನಿಕಲ್ಲಿಗೆ ಹೆಸರು ನಿಕಲ್ ಆದ್ರೂ ಮುಕ್ಕಾಲು ಪಾಲು ತಾಮ್ರ, ಅಯಸ್ಕಾಂತ ಹಿಡಿದ್ರೆ ಅಲ್ಲಾಡಲ್ಲ. ಕೆನಡಾದ್ದು 1955ರಿಂದ 1981ರ ತನಕ ಅಪ್ಪಟ ನಿಕಲ್, ಅಯಸ್ಕಾಂತಕ್ಕೆ ಟಪ್ ಅಂತ ಹಾರಿ ಅಂಟತ್ತೆ. ಹತ್ತೊಂಬತ್ತು ಕೂಡಿದೆ, ಬ್ಯಾಂಕ್ ವಾಪಸ್ ತಗೊಳ್ಳಲ್ಲ, ಮಗನ ಡಬ್ಬೀಲಿದೆ.

ಈಗ ಕೊರತೆಗಳು. ದೊಡ್ಡ ಬೇಜಾರು ಅಂದ್ರೆ ಬಾಕ್ಸಲ್ಲಿ ಏನಿದೆ ಅಂತ ಆರ್ಡರ್ ಮಾಡೋವಾಗ ಯಾರಿಗೂ ಗೊತ್ತಿರಲ್ಲ. ಒಂಬತ್ತನೇ ಬಾಕ್ಸ್ ಬೇರೆ ಬ್ಯಾಂಕಿಂದ ತಂದೆ, ಮನೇಲಿ ಬಿಚ್ಚಿದ್ರೆ ಐವತ್ತು ರೋಲೂ ಹೊಸಾ ನಾಣ್ಯ, ಒಂದೇ ಇಸವಿ ಒಂದೇ ಟಂಕಸಾಲೆ, ಇನ್ನೂ ಯಾರ ಕೈಗೂ ಹೋಗದ್ದು. ನಾಲ್ಕು ರೋಲ್ ನೋಡಿ ಹಾಗೇ ಮುಚ್ಚಿದೆ. ವಾಪಸ್ ಕೊಡೋಕೆ ಹೋದ್ರೆ ಆ ಬ್ರಾಂಚಲ್ಲಿ ಬಾಕ್ಸ್ ಬಿಚ್ಚಿದೀರಿ, ತಗೊಳ್ಳಲ್ಲ ಅಂದ್ರು. ಬಿಚ್ಚದೇ ಒಳಗೇನಿದೆ ಅಂತ ಹೇಗೆ ಗೊತ್ತಾಗಬೇಕು ಸ್ವಾಮಿ? ಹತ್ತು ಕೆಜಿ ಹೊತ್ಕೊಂಡು ಮತ್ತೆ ಕಾರಿಗೆ, ಅಲ್ಲಿಂದ ಇನ್ನೊಂದು ಕಡೆಗೆ. ತರೋ ಬ್ಯಾಂಕ್ ಬೇರೆ, ವಾಪಸ್ ಕಟ್ಟೋ ಬ್ಯಾಂಕ್ ಬೇರೆ ಇಟ್ಕೊಳ್ಳಿ ಅಂತ ಅನುಭವಸ್ಥರು ಹೇಳೋದು ಇದಕ್ಕೇ. ಜೊತೆಗೆ ಕಟ್ಟಿದ ನಾಣ್ಯವೇ ಸುತ್ತಿ ಬಳಸಿ ಮತ್ತೆ ನಿಮ್ಮ ಬಾಕ್ಸಿಗೇ ಬರೋದೂ ತಪ್ಪತ್ತೆ. ವಾಪಸ್ ಕಟ್ಟೋ ಕಡೆ ಎಣಿಸೋ ಯಂತ್ರ ಇರ್ಬೇಕು, ಅಕೌಂಟ್ ಇರೋರಿಗೆ ಫ್ರೀ ಇರ್ಬೇಕು. ಸೂಪರ್‌ಮಾರ್ಕೆಟ್ ಬಾಗಿಲಲ್ಲಿರೋ ಯಂತ್ರಕ್ಕೆ ಹಾಕಬೇಡಿ, ಕಮಿಷನ್ ಹಿಡೀತಾವೆ.

ಕೆಲವು ರೋಲಲ್ಲಿ ಒಂದು ನಾಣ್ಯ ಕಮ್ಮಿ ಬಂದಿದ್ದೂ ಇದೆ, ಒಂದ್ರಲ್ಲಿ ಗೇಮ್ ಆಡೋ ಟೋಕನ್ ಇತ್ತು. ಐದು ಸೆಂಟಿನ ಮಾತು ಅಂತ ದೂರು ಕೊಡ್ಲಿಲ್ಲ, ಕೆಲವು ರೋಲಲ್ಲಿ 41 ಬಂದು ಸರಿಹೋಯ್ತು. ಆದ್ರೆ ಧೂಳು ಮಾತ್ರ ಹೇಳ್ಲೇಬೇಕು. ಹತ್ತು ರೋಲ್ ಆಗೋಷ್ಟರಲ್ಲಿ ಬೆರಳ ತುದಿ ಕಪ್ಪು, ಲೋಹದ ವಾಸನೆ, ಸೋಪು ಹಾಕಿ ಎರಡು ಸಲ ತೊಳೆದ್ರೂ ಹೋಗಲ್ಲ. ಊಟದ ಮೇಜಿನ ಮೇಲೆ ಮಾಡ್ಬೇಡಿ ಅಂತ ಮನೆಯವಳು ಮೊದಲನೇ ದಿನವೇ ಹೇಳಿದ್ಲು, ಅವಳು ಹೇಳಿದ್ದು ಸರಿ, ಈಗ ಹಳೇ ಟವೆಲ್ ಹಾಸಿದ ಬೇರೆ ಮೇಜು, ಬೆಳ್ಳನೆಯ ಬೆಳಕಿನ ಲ್ಯಾಂಪ್, ಕೈಗೆ ತೆಳ್ಳನೆ ಗ್ಲೌಸ್.

ಜೊತೆಗೆ ಬೇಕಾಗೋ ಸಾಮಾನು ತುಂಬಾ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ಒಂದು ಸಾಕು, ಇಪ್ಪತ್ತು ಮೂವತ್ತು ಪಟ್ಟು ಅಂತ ಬರೆದಿರೋ ಅಗ್ಗದವು ಕಣ್ಣಿಗೆ ನೋವು ಅಷ್ಟೇ. ವಿಟ್ಮನ್ ಕಂಪನಿಯ ನೀಲಿ ರಟ್ಟಿನ ಫೋಲ್ಡರ್ ತಗೊಂಡ್ವಿ, ಪ್ರತಿ ಇಸವಿಗೂ ಪ್ರತಿ ಟಂಕಸಾಲೆಗೂ ಒಂದೊಂದು ತೂತು, ಕೆಳಗೆ ಎಷ್ಟು ಟಂಕಿಸಿದ್ರು ಅಂತ ಅಂಕಿ. ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಇಲ್ಲ, ನಾಣ್ಯ ಇಟ್ಟು ಹೆಬ್ಬೆರಳಲ್ಲಿ ಒತ್ತಿದಾಗ ಕಟಕ್ ಅಂತ ಕೂರತ್ತಲ್ಲ, ಆ ಸದ್ದಿಗೋಸ್ಕರವೇ ಮಗ ಇನ್ನೂ ಒಂದು ರೋಲ್ ಅಂತಾನೆ. ತೂತು ಸ್ವಲ್ಪ ಬಿಗಿ, ಒತ್ತೋಕೆ ದೊಡ್ಡವರ ಕೈ ಬೇಕಾಗತ್ತೆ ಅನ್ನೋದೊಂದೇ ತಕರಾರು. ಬೆಳ್ಳಿ ಇರೋದನ್ನ ಮತ್ತು ಆ ದಿಬ್ಬದ ಬೈಸನ್‌ನ ಮಾತ್ರ ಚೌಕಾಕಾರದ ರಟ್ಟಿನ ಹೋಲ್ಡರಲ್ಲಿ ಇಟ್ಟಿದೀನಿ. ಮೆತ್ತನೆ ಪ್ಲಾಸ್ಟಿಕ್ ಪೌಚ್ ಬೇಡ, ಪಿವಿಸಿ ಇರೋದಾದ್ರೆ ವರ್ಷ ಕಳೆದ ಮೇಲೆ ಹಸಿರು ಜಿಡ್ಡು ಬಿಡತ್ತೆ. ಮತ್ತೆ ದಯವಿಟ್ಟು ಹುಣಸೆಹಣ್ಣು, ನಿಂಬೆರಸ, ಪಾತ್ರೆ ಪೌಡರ್ ಏನೂ ಹಾಕಿ ಉಜ್ಜಬೇಡಿ. ನಮ್ಮ ಕಡೆಯವರಿಗೆ ಕಪ್ಪಾದ ಬೆಳ್ಳಿ ಕಂಡ್ರೆ ಕೈ ಸುಮ್ಮನಿರಲ್ಲ ಗೊತ್ತು, ನಮ್ಮತ್ತೆ ಬಂದಾಗ ಇದನ್ಯಾಕೆ ಹೀಗೆ ಬಿಟ್ಟಿದೀಯಪ್ಪ, ಕೊಡು ತಿಕ್ಕಿ ಕೊಡ್ತೀನಿ ಅಂದ್ರು, ನಾನು ಬೇಡ ಅತ್ತೆ, ಆ ಕಪ್ಪೇ ಇದರ ವಯಸ್ಸು ಅಂತ ಹೇಳಿ ತೋರಿಸಿದೆ. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕೊಡಲ್ಲ.

ದುಡ್ಡಿನ ಲೆಕ್ಕ ಕೇಳೋರಿಗೆ. ಹದಿನಾಲ್ಕು ಯುದ್ಧಕಾಲದ ನಿಕಲ್, ಒಟ್ಟು 24.5 ಗ್ರಾಂ ಬೆಳ್ಳಿ, ಅವತ್ತವತ್ತಿನ ಬೆಳ್ಳಿ ರೇಟಿಗೆ ಗುಣಿಸ್ಕೊಳ್ಳಿ. 1936ರ ಬಫೆಲೋಗೆ ಒಂದೆರಡು ಡಾಲರ್. ಸುಮಾರು ನಾನ್ನೂರು ಹಳೇ ಜೆಫರ್ಸನ್, ಬಹುಪಾಲಿಗೆ ಐದು ಸೆಂಟಿಗಿಂತ ಸ್ವಲ್ಪ ಮೇಲೆ. ಒಂದೂವರೆ ವರ್ಷದ ಶನಿವಾರಗಳಿಗೆ ಇದನ್ನ ಗಳಿಕೆ ಅನ್ನೋಕಾಗಲ್ಲ, ದುಡ್ಡು ಮಾಡೋಕೆ ಅಂತ ಶುರು ಮಾಡೋರು ಎರಡನೇ ಬಾಕ್ಸಿಗೇ ಬಿಡ್ತಾರೆ. ಆದ್ರೆ ಕಳ್ಕೊಳ್ಳೋದೂ ಏನಿಲ್ಲ, ಆರಿಸದೇ ಉಳಿದ ನಾಣ್ಯ ನೂರಕ್ಕೆ ನೂರು ವಾಪಸ್, ಪೆಟ್ರೋಲ್ ಮಾತ್ರ ಖರ್ಚು, ಅದಕ್ಕೇ ನಾನು ಬೇರೆ ಕೆಲಸಕ್ಕೆ ಹೋಗೋ ದಿನವೇ ಬ್ಯಾಂಕಿಗೆ ಹೋಗೋದು. ಹೀಗೆ ಬಂಡವಾಳ ಪೂರ್ತಿ ವಾಪಸ್ ಬರೋ ಹವ್ಯಾಸ ಇನ್ನೊಂದು ನಂಗೆ ಗೊತ್ತಿಲ್ಲ. ಕೆಲವರು ತಾಮ್ರ ನಿಕಲ್ ಬೆಲೆ ಏರಿದ್ರೆ ಕರಗಿಸಬಹುದಲ್ಲಾ ಅಂತ ಕೇಳ್ತಾರೆ, ಆಗಲ್ಲ, 2006ರ ಡಿಸೆಂಬರಿಂದ ಪೆನ್ನಿ ಮತ್ತು ನಿಕಲ್ ಕರಗಿಸೋದು ಕಾನೂನುಬಾಹಿರ, ಬೆಳ್ಳಿ ಇರೋ ಯುದ್ಧಕಾಲದ್ದಕ್ಕೆ ಮಾತ್ರ ವಿನಾಯ್ತಿ. ವಿನಾಯ್ತಿ ಇದ್ರೂ ಕರಗಿಸೋದು ನನ್ನ ಮನಸ್ಸಿಗೆ ಬರಲ್ಲ.

ಒಟ್ಟಾರೆ ಬಾಕ್ಸಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಳೆದಿದ್ದು ಆ ಒಂಬತ್ತನೇ ಬಾಕ್ಸಿಗೆ. ಕೈಸುತ್ತಿನ ರೋಲಿಗೆ ಐದಕ್ಕೆ ಐದು. ತಾಳ್ಮೆ ಇರೋರಿಗೆ, ಸ್ಕ್ರೀನ್ ಬಿಟ್ಟು ಮಕ್ಕಳ ಜೊತೆ ಎರಡು ಗಂಟೆ ಕೂರೋಕೆ ಏನಾದ್ರೂ ಬೇಕು ಅನ್ನೋರಿಗೆ ಕಣ್ಣು ಮುಚ್ಚಿ ಹೇಳ್ತೀನಿ, ತಗೊಳ್ಳಿ. ಮೊದಲನೇ ಸಲ ಇಡೀ ಬಾಕ್ಸ್ ಬೇಡ, ಐದು ರೋಲ್ ಕೇಳಿ, ಹತ್ತು ಡಾಲರ್, ಒಂದು ಸಂಜೆ. ಹಿಂದಿನ ಮುಖ ಮೊದಲು ನೋಡಿ, ಗುಮ್ಮಟದ ಮೇಲೆ ಅಕ್ಷರ ಇದ್ಯಾ ಅಂತ, ಆಮೇಲೆ ತಿರುಗಿಸಿ ಇಸವಿ. ಯುದ್ಧಕಾಲದ್ದು ಬಿಟ್ರೆ 1964ರವರೆಗಿನ ಜೆಫರ್ಸನ್‌ನಲ್ಲಿ ಟಂಕಸಾಲೆ ಅಕ್ಷರ ಹಿಂದೆ ಮನೆಯ ಬಲಗಡೆ ಇರತ್ತೆ, 1965ರಿಂದ 67ರ ತನಕ ಅಕ್ಷರನೇ ಇಲ್ಲ, 1968ರಿಂದ ಮುಂದಿನ ಮುಖದಲ್ಲಿ ಇಸವಿ ಪಕ್ಕ.

ನಮ್ಮ ಫೋಲ್ಡರಲ್ಲಿ ಇನ್ನು ಐದು ತೂತು ಖಾಲಿ ಇದೆ, ಮಗ ಅವನ್ನ ಒಂದು ಚೀಟೀಲಿ ಬರೆದು ಲ್ಯಾಂಪಿಗೆ ಅಂಟಿಸಿದ್ದಾನೆ, ಮೇಲೆ 1950-ಡಿ ಅಂತ ಕೆಂಪು ಪೆನ್ನಲ್ಲಿ. ಹನ್ನೆರಡನೇ ಬಾಕ್ಸ್ ಗುರುವಾರ ಬರತ್ತೆ ಅಂತ ಟೆಲ್ಲರಮ್ಮ ಫೋನ್ ಮಾಡಿದ್ರು, ಜೊತೆಗೆ ಕೈಸುತ್ತಿನ ಮೂರು ರೋಲ್ ಇದೆಯಂತೆ, ಕಾಗದ ಹಳದಿಯಾಗಿದೆಯಂತೆ.